ದಿನಕ್ಕೊಂದೇ ಸ್ಟಾರ್ಟ್

ಬೆಳಗ್ಗೆ ಏಳೂವರೆಗೆ, ಗ್ಯಾರೇಜಿನ ಷಟರ್ ಇನ್ನೂ ಅರ್ಧ ಎತ್ತಿರುವಾಗಲೇ, ಮೇಸ್ತ್ರಿ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಕಿವಿಯ ಹಿಂದೆ ಮೊರದ ಹಾಗೆ ಹಿಡಿದು ನಿಂತುಬಿಟ್ಟರು. ಇದು ನಡೆದದ್ದು ನಡೆದ ಹಾಗೆ. ಎಲ್ಲಾದರೂ ಉಪ್ಪು ಖಾರ ಬಿದ್ದಿದ್ದರೆ ಅದು ಈ ಕತೆ ಹೇಳಿದ ಗಿಣಿಯ ಕೈವಾಡ.

"ಕೀ ತಿರುಗಿಸೇ ಗಿಣಿ. ಇಂಜಿನ್ ಕಣ್ಣಿಗೆ ಬಿದ್ರೆ ಕಿವಿ ಸೋಮಾರಿ ಆಗತ್ತೆ."

ಗಿಣಿ ಎಂದರೆ ಮೇಸ್ತ್ರಿಯ ಮಗಳು. ಇಂಜಿನಿಯರಿಂಗ್ ಮುಗಿಸಿ ಅಪ್ಪನ ಗ್ಯಾರೇಜಿಗೇ ಬಂದವಳು. ಒಮ್ಮೆ ಕೇಳಿದ ಸದ್ದನ್ನು ಗಂಟಲಿಗೆ ಇಳಿಸಿಕೊಂಡರೆ ಮುಗಿಯಿತು. ನೀರಿನ ಪಂಪು, ಕುಕ್ಕರಿನ ಸೀಟಿ, ಪ್ರಿನ್ಸಿಪಾಲರ ಕೆಮ್ಮು, ಯಾವುದು ಬೇಕೋ ಕೇಳಿ. ಎದುರಿಗೆ ನಿಂತಿದ್ದದ್ದು ಹಲ್ಲಿನ ಡಾಕ್ಟರ ಕೆಂಪು ಸ್ಪೋರ್ಟ್ಸ್ ಕಾರು. ಎಷ್ಟು ಹಳೆಯದೆಂದರೆ ದೋಷ ಹುಡುಕುವ ಗಿಣಿಯ ಸ್ಕ್ಯಾನರ್ ಚುಚ್ಚಲು ಅದರಲ್ಲಿ ತೂತೇ ಇರಲಿಲ್ಲ. ರೋಗವೂ ವಿಚಿತ್ರ. ರಾತ್ರಿಯೆಲ್ಲ ತಣ್ಣಗೆ ಮಲಗಿ ಎದ್ದಾಗ ಅರ್ಧ ನಿಮಿಷ ಮಾತ್ರ ಇಂಜಿನ್ ತೊದಲುತ್ತದೆ, ಗಡಗಡ ನಡುಗುತ್ತದೆ. ಆಮೇಲೆ ಏನೂ ಆಗದವರ ಹಾಗೆ ನಯವಾಗಿ ಓಡುತ್ತದೆ. ಡಾಕ್ಟರು ಎರಡು ಸಲ ಓಡಿಸಿಕೊಂಡು ಬಂದಿದ್ದರು. ಎರಡು ಸಲವೂ ಗ್ಯಾರೇಜು ತಲುಪುವಷ್ಟರಲ್ಲಿ ಬಿಸಿಯಾಗಿ, ಕಾರು ಬಾಲ ಮುದುರಿಕೊಂಡಿತ್ತು. ಹಾಗಾಗಿ ನಿನ್ನೆ ಬೆಳಗ್ಗೆ ಗಿಣಿಯೇ ಅವರ ಮನೆಗೆ ಹೋಗಿ, ತೊದಲುವುದನ್ನು ಕಿವಿಯಾರೆ ಕೇಳಿ, ಕಾರು ತಂದು ರಾತ್ರಿ ಇಲ್ಲೇ ತಣ್ಣಗಾಗಲು ಬಿಟ್ಟಿದ್ದಳು. ಈಗ ಸಿಕ್ಕುವುದು ಒಂದೇ ಸ್ಟಾರ್ಟು. ಅದು ಕಳೆದರೆ ಮತ್ತೆ ನಾಳೆ ಬೆಳಗ್ಗೆಯೇ.

ಆದರೆ ನಾಳೆಯವರೆಗೆ ಕಾಯುವವರು ಯಾರು? ಒಂಬತ್ತಕ್ಕೆ ಕಂಪನಿ ವರ್ಕ್‌ಶಾಪಿನ ಲಾರಿ ಬಂದು ಕಾರು ಎತ್ತಿಕೊಂಡು ಹೋಗುವುದಿತ್ತು. ಅಲ್ಲಿ ಇಂಜಿನ್ ಪೂರ್ತಿ ಇಳಿಸಿ ಬಿಚ್ಚುತ್ತಾರಂತೆ. ಸಾಲದ್ದಕ್ಕೆ, "ಅಪ್ಪ, ನಿಮ್ಮ ಕಿವಿ ಈಗ ಬರೀ ಕನ್ನಡಕ ಸಿಕ್ಕಿಸೋಕೆ" ಎಂದು ಮಗಳು ಕಿಚಾಯಿಸಿದ್ದಕ್ಕೆ ಮೇಸ್ತ್ರಿ ಡಾಕ್ಟರ ಎದುರೇ ಶಪಥ ಮಾಡಿಬಿಟ್ಟಿದ್ದರು: "ಇವತ್ತು ನಾನು ತಪ್ಪಿದ್ರೆ ನಾಳೆಯಿಂದ ಇಂಜಿನ್ ಮುಟ್ಟಲ್ಲ. ಟೈರಿಗೆ ಗಾಳಿ ಹೊಡ್ಕೊಂಡು ಕೂತಿರ್ತೀನಿ."

ಗಿಣಿ ಕೀ ತಿರುಗಿಸಲಿಲ್ಲ. ಪಕ್ಕದಲ್ಲೇ ನಿಂತಿದ್ದ ಡಾಕ್ಟರಿಗೆ ಕಣ್ಣು ಮಿಟುಕಿಸಿ, ಖಾಲಿ ಆಯಿಲ್ ಡಬ್ಬ ಎತ್ತಿಕೊಂಡು ಅದರೊಳಗೆ ಬಾಯಿಟ್ಟಳು.

"ಕ್ರ್ರ್ರ್... ಕ್ರ್ರ್ರ್... ಬ್ರೂಂ! ಬ್ರುಂ ಬ್ರುಂ ಬ್ರುಂ ಫುಸ್ಕ್... ಬ್ರುಂ ಬ್ರುಂ ಬ್ರುಂ ಫುಸ್ಕ್..."

ಡಾಕ್ಟರು ಕರವಸ್ತ್ರವನ್ನೇ ಬಾಯಿಗೆ ತುರುಕಿಕೊಂಡರು. ಮೇಸ್ತ್ರಿಯ ತಲೆ ಮಾತ್ರ ಸಂಗೀತ ಕಚೇರಿ ಕೇಳುವವರ ಹಾಗೆ ಮೆಲ್ಲಗೆ ತೂಗುತ್ತಿತ್ತು. ಅರ್ಧ ನಿಮಿಷಕ್ಕೆ ಸರಿಯಾಗಿ ಗಿಣಿ ಫುಸ್ಕ್ ಅನ್ನು ಕೈಬಿಟ್ಟು, ಇಂಜಿನ್ನನ್ನು ನಯವಾಗಿಸಿ, ಆಫ್ ಮಾಡಿದಳು.

"ಆಯ್ತು, ಲಾರಿಯವರಿಗೆ ಬರಬೇಡಿ ಅನ್ನಿ" ಎಂದರು ಮೇಸ್ತ್ರಿ, ಕಣ್ಣು ತೆರೆಯದೆ. "ಒಂದು ಇಂಜೆಕ್ಟರ್ ಸೋರ್ತಿದೆ. ರಾತ್ರಿಯೆಲ್ಲ ಒಂದೇ ಸಿಲಿಂಡರಿಗೆ ಪೆಟ್ರೋಲು ತೊಟ್ಟಿಕ್ಕತ್ತೆ. ಬೆಳಗ್ಗೆ ಅದಕ್ಕೆ ಉಸಿರು ಕಟ್ಟತ್ತೆ. ಕುಡಿದದ್ದೆಲ್ಲ ಉರಿದ ಮೇಲೆ ಸರಿಹೋಗತ್ತೆ."

ಡಾಕ್ಟರ ಕರವಸ್ತ್ರ ಹಾರಿ ಹೊರಬಿತ್ತು. ಗಿಣಿ ನಗುತ್ತ ನಗುತ್ತ ಡಬ್ಬದ ಸಮೇತ ನೆಲಕ್ಕೆ ಕುಸಿದಳು. ಮೇಸ್ತ್ರಿ ತಿರುಗಿ ನೋಡಿದರು, ಮಗಳನ್ನು, ಡಬ್ಬವನ್ನು. ಹೋಗಿ ಸೈಲೆನ್ಸರಿನ ಕೊಳವೆಗೆ ಬೆರಳು ಮುಟ್ಟಿಸಿದರು. ತಣ್ಣಗಿತ್ತು.

ಆಮೇಲೆ ನೇರ ಮೂಲೆಗೆ ಹೋಗಿ, ಗಾಳಿ ಹೊಡೆಯುವ ಪೈಪನ್ನು ಮೊಳೆಯಿಂದ ಇಳಿಸಿಕೊಂಡು, ಕಾರಿನ ಮುಂದಿನ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

ಗಿಣಿ ಡಬ್ಬ ಬಿಟ್ಟು ಎದ್ದು ಬಂದಳು. "ಅಪ್ಪಾ, ತಮಾಷೆಗೆ ಕಣಪ್ಪ... ಶಪಥ ಗಿಪಥ ಎಲ್ಲ ಬಿಡಿ. ಏಳಿ."

ಮೇಸ್ತ್ರಿ ವಾಲ್ವಿನ ಮುಚ್ಚಳ ತಿರುಗಿಸುತ್ತಿದ್ದವರು ತಟ್ಟನೆ ನಿಂತರು. "ನಿನ್ನೆ ಇವರ ಮನೇಲಿ ಕೇಳಿದ್ದು ಇದೇ ಸದ್ದೇನೇ? ಕೈಯಿಂದ ಏನಾದ್ರೂ ಸೇರಿಸಿದ್ಯಾ?"

"ಅಮ್ಮನಾಣೆ ಇಲ್ಲ. ನಾಲ್ಕರಲ್ಲೊಂದು ಫುಸ್ಕ್ ಕೂಡ ನಂದಲ್ಲ, ಅದರದ್ದೇ."

"ಹಾಗಿದ್ರೆ ನಾಲ್ಕೂ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚು."

ಒಂದನೆಯದು ಒಣಗಿತ್ತು. ಎರಡನೆಯದೂ. ಗಿಣಿ ತಿರುಗಿ ನೋಡಿದಳು. ಅಪ್ಪನ ಪಕ್ಕದಲ್ಲಿ ಗಾಳಿ ಪೈಪು ಇನ್ನೂ ಬಿದ್ದಿತ್ತು. ಮೂರನೆಯ ಪ್ಲಗ್ ಈಚೆ ಬಂದಾಗ ಅದರ ತುದಿಯಿಂದ ಒಂದು ಹನಿ ಅವಳ ಹೆಬ್ಬೆರಳ ಮೇಲೆ ಬಿತ್ತು. ಡಾಕ್ಟರು ಬಗ್ಗಿ ಮೂಸಿದರು. ಪೆಟ್ರೋಲು! ನಾಲ್ಕನೆಯದು ಮತ್ತೆ ಒಣ ಒಣ.

"ನೋಡಿದ್ರಾ ಡಾಕ್ಟ್ರೇ? ಈ ಹುಡುಗಿ ನಾನು ಹೇಳಿದ ಹಾಗೆ ಸ್ಟಾರ್ಟ್ ಮಾಡಿದ್ದಿದ್ರೆ ಇದಿಷ್ಟೂ ಉರಿದುಹೋಗಿ ಪ್ಲಗ್ಗು ಒಣಗಿರೋದು. ನಾನು ಬೊಗಳೆ ಬಿಡ್ತಿದೀನಿ ಅಂತ ನೀವು ಲಾರಿ ಹತ್ತಿಸಿರೋರು. ಅವಳ ಕಪಿಚೇಷ್ಟೆ ನನ್ನ ಮಾನ ಉಳಿಸ್ತು!"

ಹಾಗೆಂದವರೇ ಮೇಸ್ತ್ರಿ ನಗಲು ಶುರುಮಾಡಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ, ಕೊನೆಗೆ "ನಿನ್ನ ಬಾಯಿ... ಡಬ್ಬದೊಳಗೆ... ನಾನು ತಲೆ ಬೇರೆ ತೂಗಿದೆನಲ್ಲೇ!" ಎಂದು ಬಾನೆಟ್ಟಿಗೆ ಒರಗಿ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ಅಗಲಿಸಿ ನಕ್ಕ ನಗೆಗೆ ಗಿಣಿಯ ನಗುವೂ ಡಾಕ್ಟರ ನಗುವೂ ಎಲ್ಲಿಯೋ ಮುಳುಗಿಹೋದವು.

ಡಾಕ್ಟರು ಮಾತ್ರ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ, ಮೊಬೈಲಿನ ಟಾರ್ಚ್ ಹಚ್ಚಿ ಹತ್ತಿರ ಬಂದರು.

"ಮೇಸ್ತ್ರಿಗಳೇ, ಹಾಗೇ ಇರಿ, ಬಾಯಿ ಮುಚ್ಚಬೇಡಿ. ಒಳಗೊಂದು ಹಲ್ಲು ಕೆಟ್ಟಿದೆ."

ಮೇಸ್ತ್ರಿ ತೆರೆದ ಬಾಯಲ್ಲೇ ಕೇಳಿದರು: "ಎಷ್ಟನೇ ಸಿಲಿಂಡರು ಡಾಕ್ಟ್ರೇ?"