ತಗ್ಗಿದ ತಂತಿ

ಚಿನ್ಮಯೀ ಬೆರಳು ಸೋಕಿಸಿದೊಡನೆ ದೇವದಾಸ ಮಾಸ್ಟ್ರ ಎಲೆಕ್ಟ್ರಿಕ್ ಗಿಟಾರಿನ ತಂತಿ ಕೆಳಗಿನ ಬೆರಳುಪಟ್ಟಿಗೆ ತಾಗಿತು. ಒತ್ತುವ ಶ್ರಮವೇ ಬೇಕಾಗಲಿಲ್ಲ. ನರಿಮೊಗರು ಊರಿನ ರಸಮಂಜರಿ ಕಾರ್ಯಕ್ರಮಕ್ಕೆ ಹತ್ತು ನಿಮಿಷವಿರುವಾಗ ತನ್ನ ಗಿಟಾರಿನ ತಂತಿ ತುಂಡಾದುದರಿಂದ ಅವಳು ಕೊನೆಯ ಅಭ್ಯಾಸಕ್ಕೆಂದು ಗುರುಗಳ ವಾದ್ಯವನ್ನು ಎತ್ತಿಕೊಂಡಿದ್ದಳು. ಮೂರು ವರ್ಷಗಳಿಂದ ಕೈಗೆ ಬಾರದಿದ್ದ ವೇಗದ ನುಡಿಸುವಿಕೆಯು ತಡೆಯಿಲ್ಲದೆ ಹರಿಯಿತು. ನಾದ ಎಳ್ಳಷ್ಟೂ ಸೊರಗಲಿಲ್ಲ.

ತಂತಿಯನ್ನು ಪಟ್ಟಿಯ ಹತ್ತಿರಕ್ಕೆ ತಗ್ಗಿಸಿದರೆ ನಾದ ಸಾಯುತ್ತದೆಂದು ಬೋಧಿಸಿದವರು ಇದೇ ಗುರುಗಳು. ಅದನ್ನು ನಂಬಿ ಅವಳು ಬೆರಳ ತುದಿ ಒಡೆದರೂ ಎತ್ತರದ ತಂತಿಯನ್ನೇ ಒತ್ತಿದ್ದಳು. ಕಳೆದ ವಾರವಷ್ಟೇ, ಅವಳ ಕೈಗೆ ಬಲವಿಲ್ಲವೆಂದು ಹೇಳಿ, ಈ ರಸಮಂಜರಿಯಲ್ಲಿ ಅವಳು ನುಡಿಸಬೇಕಿದ್ದ ಮುಖ್ಯ ಭಾಗವನ್ನು ಅವರು ತಾವೇ ಇಟ್ಟುಕೊಂಡಿದ್ದರು.

"ಮಾಸ್ಟ್ರೇ, ನಿಮ್ಮದರ ತಂತಿ ಇಷ್ಟು ಕೆಳಗೆ ಉಂಟಲ್ಲ?"

"ಮೆಲ್ಲ ಮಾತಾಡು ಮಾರಾಯ್ತಿ!" ಪಕ್ಕದಲ್ಲೇ ನಿಂತಿದ್ದ ದೇವದಾಸರು ಸುತ್ತ ನೋಡಿದರು. "ಎರಡು ಸ್ಕ್ರೂ ತಿರುಗಿಸುದು, ಅಷ್ಟೇ. ಅದನ್ನೂ ಹೇಳಿಕೊಟ್ರೆ ಮತ್ತೆ ನನ್ನನ್ನು ಕೇಳುವವರು ಯಾರು?"

"ನನ್ನ ಕೈಗೆ ಬಲ ಇಲ್ಲ ಅಂದದ್ದು?"

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ತಂಡದ ಹೆಸರು ಕೇಳಿಸಿತು. ವೇದಿಕೆ ಏರುವ ಮುನ್ನ ಶಿಷ್ಯರು ಪಾದ ಮುಟ್ಟುವುದು ತಂಡದ ಪದ್ಧತಿ. ಗುರುಗಳು ಎಂದಿನಂತೆ ಚಪ್ಪಲಿ ಕಳಚಿ, ಆಶೀರ್ವದಿಸಲು ಕೈಯೆತ್ತಿ ನಿಂತರು.

ಚಿನ್ಮಯೀ ಅವರ ಗಿಟಾರನ್ನು ಅವರ ಎತ್ತಿದ ಕೈಗೇ ಕೊಟ್ಟು, ವೇದಿಕೆಗೆ ಬೆನ್ನು ಹಾಕಿ ಬರಿಗೈಯಲ್ಲಿ ಹೊರನಡೆದಳು.