ವಾಪೊಗೆ ಬಂದ ಏಳು ಪತ್ರಗಳು

"ನಾಳೆ ಬೆಳಗ್ಗೆ ನಾನೇ ಹೋಗಿ ವಾಪೊನ ಅವ್ವನ್ನ ಕರ್ಕೊಂಡು ಬರ್ತೀನಿ," ಎಂದ ಪಾದ್ರಿ ಟಾಮ್ಲಾ.

ಹೆಂಡತಿ ಸೇಮುವಿನ ಕೈ ಮಗ್ಗದ ಮೇಲೆ ನಿಂತುಹೋಯಿತು. ಶನಿವಾರ ಸಾಕುಮಗಳು ವಾಪೊಳ ಮದುವೆ. ಅಂದು ಅವಳು ಕನ್ಯೆಯರ ಉದ್ದನೆಯ ಬಿಳಿ ಅಂಗಿ ಕಳಚಿ ಗೃಹಿಣಿಯ ಕಪ್ಪು ರವಿಕೆ ತೊಡಬೇಕು. ಆ ರವಿಕೆ ನೇಯುವುದು ಹೆತ್ತವಳ ಹಕ್ಕು. ಸೇಮು ಯಾರನ್ನೂ ಕೇಳದೆ ತಾನೇ ನೇಯಲು ಕೂತಿದ್ದಳು.

"ನಿಮ್ಮ ಮೊಣಕಾಲಿಗೆ ಆ ಬೆಟ್ಟದ ದಾರಿ ಆಗಲ್ಲ."

"ಬೈಕ್ ಹೋಗೋವರೆಗೆ ಬೈಕು, ಆಮೇಲೆ ಊರುಗೋಲು. ಇಷ್ಟು ವರ್ಷ ಆ ಹೆಂಗಸು ಮಗಳಿಗೆ ಒಂದು ಮಾತು ಹೇಳಿಕಳಿಸ್ಲಿಲ್ಲ, ನಿಜ. ಆದ್ರೂ ಅವಳು ಹೆತ್ತವಳು ಕಣೇ, ಸೇಮು."

ಒಂದು ಮಾತೂ ಬಂದಿಲ್ಲವೆಂದೇ ಅವನು ನಂಬಿದ್ದ. ಸೇಮುವಿನ ಹಳೆಯ ಜೋಳಿಗೆಯ ತಳದಲ್ಲಿ ಏಳು ಪತ್ರಗಳಿದ್ದವು.

ಗಂಡಹೆಂಡಿರಿಬ್ಬರೂ ಕರೆನ್ ಎಂಬ ಬುಡಕಟ್ಟಿನವರು. ಸುವಾರ್ತೆ ಸಾರಲೆಂದು ಗಡಿಯ ಈ ಬೆಟ್ಟಗಳಿಗೆ ಬಂದವರು, ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಸಾಕುತ್ತ ಇಲ್ಲೇ ಉಳಿದರು. ಒಂದೇ ಉದ್ದ ಕೋಣೆ, ಹದಿನಾಲ್ಕು ಚಾಪೆ. ಮದುವೆಯಾಗಿ ಹೋಗುವವರೆಗೆ ಹದಿನೈದನೆಯದು ಸ್ವಂತ ಮಗಳು ಎಸ್ತರಳದಾಗಿತ್ತು. ವಾಪೊಳನ್ನು ಅವಳ ತಾಯಿ ತಂದುಬಿಟ್ಟಾಗ ಹುಡುಗಿಗೆ ಎಂಟು ವರ್ಷ. ಮಲತಂದೆ ಇವಳನ್ನು ಮಾರಲು ಪಟ್ಟಣದ ದಲ್ಲಾಳಿಯೊಡನೆ ಮಾತಾಡುತ್ತಿದ್ದಾನೆ, ಇಟ್ಟುಕೊಳ್ಳಿ ಎಂದು ಅತ್ತಿದ್ದಳು ಆಕೆ.

ಪ್ರತಿ ಶನಿವಾರ ಊಟದ ಹೊತ್ತಿಗೆ ಮಕ್ಕಳ ಮನೆಗಳಿಂದ ಬಂದ ಕಾಗದಗಳನ್ನು ಟಾಮ್ಲಾ ಗಟ್ಟಿಯಾಗಿ ಓದುತ್ತಿದ್ದ. ಹಂದಿ ಮರಿ ಹಾಕಿದ ಸುದ್ದಿಗೂ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ವಾಪೊಗೆ ಮೊದಲ ಕಾಗದ ಬಂದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಅಂಚೆಯಿಂದ ತಂದವಳು ಸೇಮು. ಒಡೆದು ನೋಡಿದಳು. ದುಂಡನೆಯ ಅಕ್ಷರ. ಓದುಬರಹ ಬಾರದ ತಾಯಿ ಯಾರಿಂದಲೋ ಬರೆಸಿರಬೇಕು. "ನನ್ನ ಮಗಳನ್ನು ಕಳಿಸಿಕೊಡಿ. ಶುಕ್ರವಾರ ಮೆಸರಿಯಾಂಗ್ ಬಸ್ ನಿಲ್ದಾಣದಲ್ಲಿ ಕಾದಿರುತ್ತೇನೆ." ಅಂಚೆ ಮುದ್ರೆಯೂ ಮೆಸರಿಯಾಂಗಿನದೇ, ಮಕ್ಕಳು ಶಾಲೆಗೆ ಹೋಗುವ ಊರು.

ಹಿಂದಿನ ವರ್ಷ ಇಂಥದ್ದೇ ಕಾಗದ ನಂಬಿ ಒಬ್ಬ ಹುಡುಗಿಯನ್ನು ಕಳಿಸಿದ್ದರು. ಅವಳು ಊರು ಸೇರಲಿಲ್ಲ. ಸೇಮು ಪತ್ರ ಬಚ್ಚಿಟ್ಟಳು. ಶುಕ್ರವಾರ ತಾನೇ ಬಸ್ ನಿಲ್ದಾಣಕ್ಕೆ ಹೋಗಿ ಸಂಜೆವರೆಗೆ ಕೂತಳು. ಯಾರೂ ಬರಲಿಲ್ಲ. ಸಮಾಧಾನವಾಯಿತು. ಆ ಸಮಾಧಾನಕ್ಕೇ ನಾಚಿಕೆಯಾಯಿತು.

ಅದು ಹೆದರಿಕೆಯಿಂದ ಬಚ್ಚಿಟ್ಟದ್ದು. ಉಳಿದ ಆರನ್ನು ಬಚ್ಚಿಟ್ಟದ್ದು ಹೆದರಿಕೆಯಿಂದಲ್ಲ, ಅದು ಅವಳಿಗೂ ಗೊತ್ತಿತ್ತು. ವಾಪೊ ಅಷ್ಟರಲ್ಲಿ ಅವಳ ಬೆನ್ನು ಉಜ್ಜುವವಳಾಗಿದ್ದಳು, ಅವಳ ಬೈಗುಳಕ್ಕೆ ನಗುವವಳಾಗಿದ್ದಳು. ವಿಚಿತ್ರವೆಂದರೆ, ಪತ್ರ ಬಂದ ವಾರವೇ ಹುಡುಗಿ ಊಟದಲ್ಲಿ ತಲೆಯೆತ್ತಿ ಕೇಳುತ್ತಿದ್ದಳು: "ಥರಾಮು, ನಂಗೇನಾದ್ರೂ ಬಂತಾ?" ಥರಾಮು ಎಂದರೆ ಗುರುವಮ್ಮ. ಬೇರೆ ವಾರಗಳಲ್ಲಿ ಕೇಳುತ್ತಿರಲಿಲ್ಲ. ಕರುಳಿಗೆ ಹೇಗೋ ತಿಳಿಯುತ್ತದೆ ಎಂದುಕೊಂಡು ಸೇಮು ಗಂಜಿ ಬಡಿಸುತ್ತಲೇ ಹೇಳುತ್ತಿದ್ದಳು: "ಇಲ್ಲ ಕಣೇ, ಏನೂ ಬಂದಿಲ್ಲ." ವಾಪೊಗೆ ಹದಿನಾಲ್ಕು ತುಂಬಿದಾಗ ಪತ್ರಗಳು ನಿಂತವು. ತಾಯಿ ಸೋತಳು, ತಾನು ಗೆದ್ದೆ ಎಂದುಕೊಂಡಳು. ಆ ದಿನದಿಂದ ಪ್ರಾರ್ಥನೆಯಲ್ಲಿ ವಾಪೊಳ ಹೆಸರು ಬಂದಾಗಲೆಲ್ಲ ಅವಳ ನಾಲಗೆ ತಡವರಿಸುತ್ತಿತ್ತು.

ಈಗ ಆ ತಾಯಿ ಬಂದರೆ ಮೊದಲು ಕೇಳುವುದೇ ಅದನ್ನು: ನನ್ನ ಕಾಗದ ಸಿಗಲಿಲ್ಲವೇ?

ಮಧ್ಯಾಹ್ನ ವಾಪೊ ಮತ್ತು ಎಸ್ತರ್ ತೊರೆಯಲ್ಲಿ ಸಾಸಿವೆ ಸೊಪ್ಪು ತೊಳೆಯುತ್ತಿದ್ದರು. ಜೋಳಿಗೆ ಎದೆಗವುಚಿಕೊಂಡು ಒದ್ದೆ ಕಣ್ಣಲ್ಲಿ ಬಂದ ಸೇಮುವನ್ನು ಕಂಡು ಎಸ್ತರ್, "ನೋಡೇ, ಅಮ್ಮಂಗೆ ನಿನ್ನ ಮದುವೆಗೆ ಈಗಿಂದ್ಲೇ ಅಳೋ ಅಭ್ಯಾಸ. ನನ್ನ ಮದುವೇಲಿ ಕಣ್ಣೇ ಒದ್ದೆ ಆಗ್ಲಿಲ್ಲ," ಎಂದಳು.

"ನೀನು ಮನೆಗೆ ಹೋಗು," ಎಂದಳು ಸೇಮು.

ಎಸ್ತರ್ ಬುಟ್ಟಿಯೆತ್ತಿಕೊಂಡು ಹೋದಳು. ಸೇಮು ಏಳು ಪತ್ರಗಳನ್ನು ಬಂಡೆಯ ಮೇಲಿಟ್ಟಳು.

"ನಿನ್ನ ಅವ್ವ ಬರೆದದ್ದು. ನಿನ್ನನ್ನ ಕಳಿಸಿಕೊಡಿ ಅಂತ ಏಳು ಸಲ ಕೇಳಿದ್ಲು. ಬಚ್ಚಿಟ್ಟವಳು ನಾನು. ಬಂದಿಲ್ಲ ಅಂತ ನಿನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದೆ. ನಿಮ್ಮ ಪಾದ್ರಿಗೂ ಹೇಳ್ಲಿಲ್ಲ. ಕ್ಷಮಿಸು ಅಂತ ಕೇಳೋಕೆ ಬಾಯಿಲ್ಲ ನಂಗೆ. ನಾಳೆ ಅವಳು ಬಂದ್ರೆ, ಅವಳ ಜೊತೆ ಹೋಗ್ತೀನಿ ಅಂದ್ರೂ ಸರಿಯೇ."

ವಾಪೊ ಪತ್ರಗಳನ್ನು ಮುಟ್ಟಲಿಲ್ಲ. ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಪಾದ್ರಿಗಳಿಗೆ ಬೆಟ್ಟ ಹತ್ತಬೇಡಿ ಅನ್ನಿ ಥರಾಮು. ಅವ್ವ ಇಲ್ಲ. ನಂಗೆ ಹತ್ತು ವರ್ಷ ಇದ್ದಾಗ್ಲೇ ಜ್ವರ ಬಂದು ಹೋದ್ಲು. ಮಾವ ಶಾಲೆ ಬೇಲಿ ಹತ್ರ ಬಂದು ಹೇಳಿದ. ನಾನು ಯಾರಿಗೂ ಹೇಳ್ಲಿಲ್ಲ."

"ಹತ್ತು ವರ್ಷಕ್ಕಾ?" ಸೇಮು ಬಂಡೆ ಹಿಡಿದು ಕೂತಳು. "ಮೊದಲ್ನೇದು ಬಂದಾಗ ನಿಂಗೆ ಹನ್ನೊಂದು. ಮತ್ತೆ ಇವು?"

"ಎಲ್ರಿಗೂ ಕಾಗದ ಬರ್ತಿತ್ತು. ನಂದೂ ಒಂದನ್ನ ಪಾದ್ರಿಗಳು ಓದ್ಲಿ ಅಂತ ಅವ್ವನ ಹೆಸರಲ್ಲಿ ನಾನೇ ಶಾಲೆಯಿಂದ ಬರೆದು ಅಂಚೆಗೆ ಹಾಕಿದೆ. ನೀವು ಕೊಡ್ಲಿಲ್ಲ. ಆ ಶುಕ್ರವಾರ ಬಸ್ ನಿಲ್ದಾಣದಲ್ಲಿ ನೀವು ಸಂಜೆವರೆಗೆ ಕೂತಿದ್ದನ್ನ ರಸ್ತೆ ಆಚೆಯಿಂದ ನೋಡಿದೆ." ವಾಪೊ ಮೊದಲ ಪತ್ರವನ್ನು ಪಕ್ಕಕ್ಕಿಟ್ಟಳು.

"ಆಮೇಲಿನ ಆರು ಬರೆದದ್ದು, ಯಾವಾಗ ನನ್ನನ್ನ ಬಿಟ್ಟುಕೊಡ್ತೀರಿ ಅಂತ ನೋಡೋಕೆ."