ಒಂದು ತಾಸು ಹಿಂದೆ

ರುದ್ರಮುನಿ ಕೈಗಡಿಯಾರದ ಮುಳ್ಳನ್ನು ಒಂದು ತಾಸು ಹಿಂದಕ್ಕೆ ತಿರುವಿ ಹೆಂಡತಿಯ ಮುಖಕ್ಕೆ ಹಿಡಿದ. "ನೋಡು, ಈಗ ಮೂರು. ನಿನ್ನ ನಾಕು ನಿನ್ನ ಹತ್ರನ ಇಟ್ಕೋ."

"ಹಡಗಿನ್ಯಾಗ ನಾಕ ಆಗೇತ್ರಿ," ಎಂದಳು ನೀಲಗಂಗವ್ವ. "ಮುಂಜಾನಿ ಮೈಕಿನ್ಯಾಗ ಒದರಿ ಒದರಿ ಹೇಳಿದ್ರಲ್ಲ, ಊರಾಗಿನ ಗಡಿಯಾರ ನೋಡಬ್ಯಾಡ್ರಿ, ಹಡಗಿನ ಹೊತ್ತಿಗೆ ಐದರೊಳಗ ಬರ್ರಿ ಅಂತ."

"ನಿಂತ ನೆಲದ ಹೊತ್ತು ಬಿಟ್ಟು ನೀರಿನ ಮ್ಯಾಲಿನ ಹೊತ್ತು ನಾ ಯಾಕ ಹಿಡೀಲಿ?"

ಸಿಂಗಾಪುರದಿಂದ ಹೊರಟ ಹಡಗು ಅಲ್ಲಿಯ ಹೊತ್ತಿನಲ್ಲೇ ನಡೆಯುತ್ತಿತ್ತು. ಥಾಯ್ಲೆಂಡಿನ ಈ ದ್ವೀಪ ಅದಕ್ಕಿಂತ ಒಂದು ತಾಸು ಹಿಂದೆ. ಬೀಜದ ಕಂಪನಿಯವರು ವ್ಯಾಪಾರಸ್ಥರಿಗೆ ಕೊಡಿಸಿದ ಪ್ರವಾಸ ಅದು. ಹಾವೇರಿ, ರಾಣೆಬೆನ್ನೂರಿನವರೆಲ್ಲ ಆಗಲೇ ಬಂದರಿಗೆ ಮರಳುವ ಬಸ್ಸು ಹತ್ತಿ ಕೂತಿದ್ದರು. ಬ್ಯಾಡಗಿಯ ದಲಾಲ ರುದ್ರಮುನಿ ಮಾತ್ರ ಸಂತೆಯಲ್ಲಿ ಒಣಮೆಣಸಿನಕಾಯಿ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಿದ್ದ. ಒಂದು ಕಾಯಿ ಮುರಿದ, ಮೂಸಿದ, ಬೀಜ ಉದುರಿಸಿದ, ಸಿಪ್ಪೆಯನ್ನು ಅಂಗೈಗೆ ತಿಕ್ಕಿ ಬಣ್ಣ ನೋಡಿದ. ಕೊಳ್ಳುವ ಮಾಲಲ್ಲ, ಮಾರುವ ಮಾಲಲ್ಲ. ಆದರೂ ರಾಶಿ ಕಂಡ ಮೇಲೆ ಬ್ಯಾಡಗಿಯವನು ಎದ್ದು ಹೋಗುವುದುಂಟೇ?

"ಬಸ್ ಬಿಡಾಕತ್ತೇತಿ, ಏಳ್ರಿ!"

"ಬಿಡ್ಲಿ. ರಾಣೆಬೆನ್ನೂರು ಸ್ಟ್ಯಾಂಡಿನ್ಯಾಗ ಕಂಡಕ್ಟರ್ ನನ್ನ ಸಲುವಾಗಿ ಬಸ್ ನಿಲ್ಲಸ್ತಾನ. ಇದೇನ್ ಮಹಾ ಹಡಗು!"

"ಅಂವ ನಿಮ್ಮ ಬಾಯಿಗೆ ಅಂಜಿ ನಿಲ್ಲಸ್ತಾನ. ಸಮುದ್ರ ಅಂಜತೈತೇನು?"

"ಹೋಗಲೇ ನೀ! ತಲಿ ತಿನ್ನಬ್ಯಾಡ!" ರುದ್ರಮುನಿ ಕೂಗಿದ ರಭಸಕ್ಕೆ ಸಂತೆಯವರೆಲ್ಲ ತಿರುಗಿ ನೋಡಿದರು. ನೀಲಗಂಗವ್ವ ಸೆರಗು ಸರಿಮಾಡಿಕೊಂಡು ಒಬ್ಬಳೇ ಬಸ್ಸಿನ ಕಡೆ ಹೋದಳು. ಹಿಂದಿರುಗಿ ನೋಡಲಿಲ್ಲ.

ಅವನು ಬಾಡಿಗೆ ಗಾಡಿ ಹಿಡಿದು ಬಂದರಿಗೆ ಬಂದಾಗ ಅವನ ಗಡಿಯಾರದಲ್ಲಿ ಐದಾಗಲು ಇನ್ನೂ ಅರ್ಧ ತಾಸಿತ್ತು. ಸಾವಕಾಶ ನಡೆದ. ಮುಂಜಾನೆ ಜಾತ್ರೆಯಂತಿದ್ದ ಕಟ್ಟೆಯ ಮೇಲೆ ಈಗ ಪ್ರವಾಸಿಗರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಡಗಿನ ಹಗ್ಗಗಳನ್ನು ಬಿಚ್ಚುತ್ತಿದ್ದರು. ಓಡಿದ. ಏಣಿ ಇನ್ನೂ ಇಳಿದೇ ಇತ್ತು.

ಏಣಿಯ ಬುಡದಲ್ಲಿದ್ದ ಕಾವಲುಗಾರ ಅವನ ಹಡಗಿನ ಕಾರ್ಡನ್ನು ಯಂತ್ರಕ್ಕೆ ಹಿಡಿದ. ಕೆಂಪು ದೀಪ ಹೊತ್ತಿತು. ಮತ್ತೊಮ್ಮೆ ಹಿಡಿದ. ಮತ್ತೆ ಕೆಂಪು. "ನೀವು ಒಳಗೆ ಹೋಗಿಯಾಗಿದೆಯಲ್ಲ," ಎಂದ ಹಿಂದಿಯಲ್ಲಿ.

"ಯಾರು?"

"ನೀವೇ. ಒಂದು ತಾಸು ಹಿಂದೆ."

ಯಂತ್ರದ ಪರದೆಯನ್ನು ಈಚೆ ತಿರುಗಿಸಿ ತೋರಿಸಿದ. ಒಳಗೆ ಬರುವವರನ್ನೆಲ್ಲ ಅದು ಫೋಟೋ ಹಿಡಿಯುತ್ತಿತ್ತು. ಇದೇ ಏಣಿ. ಇದೇ ಬಿಳಿ ಅಂಗಿ, ಇದೇ ಹಣೆಯ ವಿಭೂತಿ. ಹಿಂದೆ ನೀಲಗಂಗವ್ವ. ಫೋಟೋದ ರುದ್ರಮುನಿ ನಗುತ್ತಿದ್ದ.

"ಸುಳ್ಳು! ನನ್ನ ಹೆಂಡತಿಗೆ ಫೋನ್ ಹಚ್ಚು!" ಎಂದು ಗುಡುಗಿದ. ಕಾವಲುಗಾರ ಕೋಣೆಗೆ ಫೋನು ಹಚ್ಚಿ, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ನೀಲಾ, ನಾನ! ಕೆಳಗ ನಿಂತೇನಿ. ಇವಂಗ ಒಂದ್ ಮಾತು ಹೇಳು."

"ಯಾರ್ರಿ? ದನಿ ಥೇಟ್ ನಮ್ಮನಿಯವರದಿದ್ದಂಗ ಐತಿ."

"ಇದ್ದಂಗ ಅಲ್ಲಲೇ, ನಾನ ನಿನ್ನ ಗಂಡ!"

"ಚ್ಯಾಷ್ಟಿ ಮಾಡಬ್ಯಾಡ್ರಿ. ನಮ್ಮನಿಯವರು ಇಲ್ಲೇ ಕುಂತು ಚಾ ಕುಡ್ಯಾಕತ್ತಾರ. ಬಸ್ ಬಿಡೂದ್ರಾಗ ಓಡಿ ಬಂದು ಹತ್ತಿದ್ರು. ತಪ್ಪಾತು ಅಂದ್ರು, ಪಾಪ."

"ನಾ ಹುಟ್ಟಿದಾಗಿಂದ ಯಾರಿಗರ ತಪ್ಪಾತು ಅಂದೇನೇನ?"

ಆ ಕಡೆಯಿಂದ ಮೆಲ್ಲಗೆ, "ಅದಕ್ಕ ನನಗೂ ಸೋಜಿಗ ಆತ್ರಿ," ಎಂದಳು. ದನಿಯಲ್ಲಿ ಭಯವಿರಲಿಲ್ಲ.

ಮೇಲಿನಿಂದ ಯಾರೋ ಏಣಿ ಎತ್ತಲು ಸೀಟಿ ಊದಿದರು. ಕಾವಲುಗಾರ ಅವಸರದಲ್ಲಿ ಫೋನಿಗೆ ಬಾಯಿ ಹಚ್ಚಿ ಕೇಳಿದ: "ಅಮ್ಮಾ, ನಿಮ್ಮ ಕೋಣೆಯಲ್ಲಿ ಇರುವವರ ಹೆಸರೇನು? ಪೂರ್ತಿ ಹೇಳಿ."

ನೀಲಗಂಗವ್ವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ. ರೇಷನ್ ಕಾರ್ಡಿನ ಕಚೇರಿಯಲ್ಲೂ ಪಕ್ಕದವರ ಬಾಯಿಂದ ಹೇಳಿಸಿದ್ದಳು. ಇಲ್ಲಿಯೂ ಹೇಳಲಿಲ್ಲ. "ತಡೀರಿ, ಅವರ ಹೇಳ್ತಾರ," ಎಂದು ಫೋನನ್ನು ಪಕ್ಕಕ್ಕೆ ಕೊಟ್ಟಳು.

ಈಗ ಸಿಕ್ಕ ಮಗ, ಎಂದುಕೊಂಡ ರುದ್ರಮುನಿ. ಏಣಿಯ ಕಂಬಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದ.

"ರುದ್ರಮುನಿ ನಿಜಲಿಂಗಪ್ಪ ಹಲಗೇರಿ," ಎಂದಿತು ಫೋನು. ಅವನದೇ ದನಿ. ಅದೇ ಗೊಗ್ಗರು, ಮಾತಿನ ಕೊನೆಗೆ ಅದೇ ಎಳೆತ. ಸಿಟ್ಟು ಮಾತ್ರ ಇರಲಿಲ್ಲ.

ಕಾವಲುಗಾರ ಅವನ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿದ. ತಾನು ಎರಡು ಮೆಟ್ಟಿಲು ಮೇಲೆ ಹತ್ತಿಕೊಂಡ. ಏಣಿ ನೆಲ ಬಿಟ್ಟಿತು. ಕಟ್ ಆಗದಿದ್ದ ಫೋನಿನಲ್ಲಿ ಆ ದನಿ ಹೆಂಡತಿಗೆ ಹೇಳುವುದು ಕೇಳಿಸುತ್ತಿತ್ತು:

"ನೀಲಾ, ಕೆಳಗಿನವರಿಗೆ ಒಂದೀಟು ನೀರು ಕೊಡಾಕ ಹೇಳು. ಪಾಪ, ಬಿಸಲಾಗ ನಿಂತಾರ."